ಹನ್ನೆರಡು ನಾಟಿಕಲ್ ಮೈಲಿನಾಚೆ ಯಾರ ಕಾನೂನು?

ಈ ಸಂಚಿಕೆಗೆ ಉಡುಪಿ ಮತ್ತು ಮಂಗಳೂರಿನ ಕಡೆಯಿಂದ ಬಂದ ಪತ್ರಗಳಲ್ಲಿ ಕೇಳಿರುವ ಸಂಗತಿಗಳು ಬೇರೆಬೇರೆ. ಆದರೆ ದೆಹಲಿಯ ಅಧಿಕಾರ ಎಲ್ಲಿ ಮುಗಿಯುತ್ತದೆ, ಬೆಂಗಳೂರಿನದು ಎಲ್ಲಿ ಶುರುವಾಗುತ್ತದೆ ಎಂಬ ಸಂದೇಹ ಎಲ್ಲದರಲ್ಲೂ ಇದೆ. ಹಾಗಾಗಿ ಅವನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮಾನ್ಯರೆ, ಮಲ್ಪೆಯಲ್ಲಿ ನಾನೊಂದು ಟ್ರಾಲ್ ಬೋಟಿನ ಪಾಲುದಾರ. ಜೂನ್ 1ರಿಂದ ನಮ್ಮ ಬೋಟುಗಳನ್ನು ಧಕ್ಕೆಯಲ್ಲಿ ಕಟ್ಟಿಹಾಕುತ್ತೇವೆ. ಕೇರಳದಲ್ಲಿ ಮಾತ್ರ ಟ್ರಾಲಿಂಗ್ ನಿಷೇಧ ಇನ್ನೂ ಒಂದು ವಾರ ಕಳೆದ ಮೇಲೆ ಆರಂಭವಾಗುತ್ತದೆ. ಒಂದೇ ಅರಬ್ಬಿ ಸಮುದ್ರಕ್ಕೆ ಎರಡು ನಿಯಮ ಹೇಗೆ? ಅಸಲಿಗೆ ಕಡಲು ಕೇಂದ್ರದ್ದೋ, ರಾಜ್ಯದ್ದೋ?
— ಓದುಗರು, ಮಲ್ಪೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಡಲು ಬಾರದು. ನಮ್ಮ ಸಂವಿಧಾನವು ಕಡಲನ್ನಾಗಲಿ ನೆಲವನ್ನಾಗಲಿ ಇದಿಷ್ಟು ಕೇಂದ್ರಕ್ಕೆ, ಅದಷ್ಟು ರಾಜ್ಯಕ್ಕೆ ಎಂದು ಅಣ್ಣತಮ್ಮಂದಿರ ಆಸ್ತಿಯಂತೆ ಪಾಲು ಮಾಡಿಲ್ಲ. ಅದು ಪಾಲು ಮಾಡಿರುವುದು ಕಾನೂನು ಮಾಡಬಹುದಾದ ವಿಷಯಗಳನ್ನು. 246ನೆಯ ವಿಧಿ ಮತ್ತು ಏಳನೆಯ ಅನುಸೂಚಿಯ ಮೂರು ಪಟ್ಟಿಗಳು ಈ ಕೆಲಸಕ್ಕಾಗಿಯೇ ಇವೆ. ಸಂವಿಧಾನ ಜಾರಿಗೆ ಬಂದಾಗ ಕೇಂದ್ರ ಪಟ್ಟಿಯಲ್ಲಿ 97, ರಾಜ್ಯ ಪಟ್ಟಿಯಲ್ಲಿ 66, ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿ 47 ನಮೂದುಗಳಿದ್ದವು. ಮೂರು ಪಟ್ಟಿಗಳ ಈ ಚೌಕಟ್ಟು 1935ರ ಭಾರತ ಸರ್ಕಾರ ಕಾಯ್ದೆಯಿಂದ ಬಂದದ್ದು. ಯಾವ ಪಟ್ಟಿಯಲ್ಲೂ ಹೆಸರಿಲ್ಲದ ವಿಷಯ ಹುಟ್ಟಿಕೊಂಡರೆ ಅದು 248ನೆಯ ವಿಧಿಯಂತೆ ಸಂಸತ್ತಿನ ಪಾಲಿಗೆ ಹೋಗುತ್ತದೆ. ಅಮೆರಿಕದಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಅಲ್ಲಿನ ಸಂವಿಧಾನದ ಹತ್ತನೆಯ ತಿದ್ದುಪಡಿಯ ಪ್ರಕಾರ, ಒಕ್ಕೂಟಕ್ಕೆ ಒಪ್ಪಿಸದ ಅಧಿಕಾರಗಳು ರಾಜ್ಯಗಳಲ್ಲಿ ಅಥವಾ ಜನರಲ್ಲಿ ಉಳಿಯುತ್ತವೆ.

ಈ ವಿಷಯವಾರು ಹಂಚಿಕೆಯ ನಡುವೆ ದೂರವನ್ನು ಅಳತೆಗೋಲಾಗಿ ಬಳಸಿದ ಕೆಲವೇ ಕಡೆಗಳಲ್ಲಿ ಮೀನುಗಾರಿಕೆಯೂ ಒಂದು. ರಾಜ್ಯ ಪಟ್ಟಿಯ 21ನೆಯ ನಮೂದು ಮೀನುಗಾರಿಕೆಯನ್ನು ರಾಜ್ಯಗಳಿಗೆ ಕೊಡುತ್ತದೆ. ಕೇಂದ್ರ ಪಟ್ಟಿಯ 57ನೆಯ ನಮೂದು ಪ್ರಾದೇಶಿಕ ಜಲಸೀಮೆಯ ಆಚೆಗಿನ ಮೀನುಗಾರಿಕೆಯನ್ನು ಸಂಸತ್ತಿಗೆ ಕೊಡುತ್ತದೆ. ಆ ಸೀಮೆ ಎಷ್ಟು ದೂರ ಎಂಬುದನ್ನು ಸಂಸತ್ತು 1976ರ ಕಾಯ್ದೆಯಲ್ಲಿ ನಿಗದಿ ಮಾಡಿತು: ದಡದ ಆಧಾರರೇಖೆಯಿಂದ 12 ನಾಟಿಕಲ್ ಮೈಲು, ಎಂದರೆ ಸುಮಾರು 22 ಕಿಲೋಮೀಟರು. ಅಲ್ಲಿಂದ ಆಚೆ 200 ನಾಟಿಕಲ್ ಮೈಲಿನವರೆಗೆ ದೇಶದ ಅನನ್ಯ ಆರ್ಥಿಕ ವಲಯ. ನಮ್ಮ ಮಳೆಗಾಲದ ನಿಷೇಧಕ್ಕೆ ಎರಡು ಆದೇಶಗಳು ಇರುವುದು ಈ ಕಾರಣದಿಂದಲೇ. 12 ಮೈಲಿನೊಳಗೆ 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಅಧಿನಿಯಮದಡಿ ರಾಜ್ಯ ಸರ್ಕಾರ ಆದೇಶ ಹೊರಡಿಸುತ್ತದೆ. ಆಚೆಗೆ ಕೇಂದ್ರದ ಮೀನುಗಾರಿಕೆ ಇಲಾಖೆ ಹೊರಡಿಸುತ್ತದೆ. ಪಶ್ಚಿಮ ಕರಾವಳಿಗೆ ಕೇಂದ್ರ ನಿಗದಿಪಡಿಸಿರುವುದು ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳನ್ನು. ಕರ್ನಾಟಕವು ತನ್ನ ನೀರಿಗೂ ಅದೇ ದಿನಗಳನ್ನು ಒಪ್ಪಿಕೊಂಡು, 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ ಕೊಟ್ಟಿದೆ. ಕೇರಳವು ತನ್ನ ನೀರಿನಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ 52 ದಿನಗಳ ಟ್ರಾಲಿಂಗ್ ನಿಷೇಧವನ್ನು ಅನುಸರಿಸಿಕೊಂಡು ಬಂದಿದೆ. ನೀವು ಗಮನಿಸಿದ ಒಂದು ವಾರದ ವ್ಯತ್ಯಾಸ ಎಲ್ಲಿಂದ ಬಂತೆಂಬುದು ಇದರಿಂದ ತಿಳಿಯುತ್ತದೆ. ಆ ವಾರದಲ್ಲಿ ಕೇರಳದ ಬೋಟು ಕಾನೂನುಬದ್ಧವಾಗಿ ಬಲೆ ಬಿಡಬಹುದಾದದ್ದು ಕೇರಳದ 12 ಮೈಲಿನೊಳಗೆ ಮಾತ್ರ. ಆಚೆ ದಾಟಿದರೆ ಅದಕ್ಕೂ ಕೇಂದ್ರದ ನಿಷೇಧವೇ ಅನ್ವಯಿಸುತ್ತದೆ. ಹಾಗೆ ದಾಟುತ್ತಾರೋ ಇಲ್ಲವೋ ಎಂಬುದು ಕಾವಲಿನ ಪ್ರಶ್ನೆ. ಅದಕ್ಕೆ ನನಗಿಂತ ಚೆನ್ನಾಗಿ ನೀವೇ ಉತ್ತರ ಹೇಳಬಲ್ಲಿರಿ.

ಇಷ್ಟು ಮೀನಿನ ಮಾತಾಯಿತು. ನಿಮ್ಮ ಬೋಟಿಗೆ ಸಂಬಂಧಿಸಿದ ಉಳಿದ ಸಂಗತಿಗಳು ಬೇರೆಬೇರೆ ನಮೂದುಗಳ ಕೆಳಗೆ ಬರುತ್ತವೆ. ಬೋಟಿನ ನೋಂದಣಿ ಕೇಂದ್ರದ ಹಡಗು ಕಾನೂನಿನಡಿ ನಡೆಯುತ್ತದೆ, ಆದರೆ ಅದನ್ನು ಮಾಡಿಕೊಡುವವರು ರಾಜ್ಯ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳು. ಕಡಲಲ್ಲಿ ನಿಮ್ಮನ್ನು ತಡೆದು ಕಾಗದಪತ್ರ ಕೇಳುವವರು ಕೇಂದ್ರದ ಕೋಸ್ಟ್ ಗಾರ್ಡ್‌ನವರೂ ಆಗಿರಬಹುದು, ರಾಜ್ಯದ ಕರಾವಳಿ ಕಾವಲು ಪೊಲೀಸರೂ ಆಗಿರಬಹುದು. 1974ರಲ್ಲಿ ಮಹಾ ಬಂದರೆಂದು ಘೋಷಿತವಾದ ಪಣಂಬೂರಿನ ನವಮಂಗಳೂರು ಬಂದರು ಕೇಂದ್ರ ಪಟ್ಟಿಯ 27ನೆಯ ನಮೂದಿಗೆ ಸೇರಿದರೆ, ಮಲ್ಪೆ ಬಂದರು ಮತ್ತು ಮಂಗಳೂರಿನ ಹಳೆ ಬಂದರು ಸಮವರ್ತಿ ಪಟ್ಟಿಯ 31ನೆಯ ನಮೂದಿಗೆ ಸೇರುತ್ತವೆ. ಅವುಗಳ ಆಡಳಿತ ರಾಜ್ಯದ ಕೈಯಲ್ಲಿದೆ. ಆದ್ದರಿಂದ ಅಳಿವೆಯ ಹೂಳು ತೆಗೆಯಿಸಲು ನೀವು ಹೋಗಬೇಕಾದದ್ದು ಬೆಂಗಳೂರಿಗೆ. ಎಲ್ಲಕ್ಕಿಂತ ವಿಚಿತ್ರವೆಂದು ನನಗೆ ತೋರುವುದು 297ನೆಯ ವಿಧಿ. ಪ್ರಾದೇಶಿಕ ಜಲಸೀಮೆಯ ತಳದಲ್ಲಿರುವ ನೆಲ, ಖನಿಜ ಮತ್ತಿತರ ಬೆಲೆಬಾಳುವ ವಸ್ತುಗಳೆಲ್ಲ ಕೇಂದ್ರದಲ್ಲಿ ನಿಹಿತವಾಗಿವೆ ಎಂದು ಅದು ಹೇಳುತ್ತದೆ. ಹಾಗಾಗಿ ದಡದಿಂದ ಐದು ಮೈಲು ದೂರದಲ್ಲಿ ನಿಂತ ಬೋಟಿನ ಕೆಳಗಿರುವ ಬಂಗುಡೆಯ ಮೇಲೆ ರಾಜ್ಯದ ಕಾನೂನು ನಡೆಯುತ್ತದೆ, ಅದರ ಕೆಳಗಿನ ತಳದ ಒಡೆತನ ಕೇಂದ್ರದ್ದಾಗಿರುತ್ತದೆ.

ಆದ್ದರಿಂದ ಮನವಿ ಬರೆಯುವ ಮುನ್ನ ನಿಮ್ಮ ಸಂಘದವರು ಕುಳಿತು, ತಮ್ಮ ದೂರು ಕಡಲಿನ ಯಾವ ಮಗ್ಗುಲಿಗೆ ಸೇರಿದ್ದೆಂದು ಮೊದಲು ತೀರ್ಮಾನಿಸುವುದು ಒಳ್ಳೆಯದು. ಉದಾಹರಣೆಗೆ ಬೆಳಕು ಮೀನುಗಾರಿಕೆ ಮತ್ತು ಬುಲ್ ಟ್ರಾಲಿಂಗ್‌ಗಳನ್ನು (ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವುದು) 12 ಮೈಲಿನಾಚೆ 2017ರ ನವೆಂಬರಿನಲ್ಲಿ ನಿಷೇಧಿಸಿದ್ದು ಕೇಂದ್ರ. ಆ ನಿಷೇಧ ಸಡಿಲಿಸಬೇಕೆಂದೋ ಬಿಗಿಗೊಳಿಸಬೇಕೆಂದೋ ಜಿಲ್ಲಾ ಉಸ್ತುವಾರಿ ಸಚಿವರಿಗೆ ಕೊಡುವ ಮನವಿ, ಅವರು ಎಷ್ಟೇ ಸದ್ಭಾವದಿಂದ ಸ್ವೀಕರಿಸಿದರೂ, ಅರ್ಧ ದಾರಿಯಲ್ಲೇ ನಿಲ್ಲುತ್ತದೆ.

ಪ್ರಶ್ನೆ: ಪ್ರಾಣಿಹಿಂಸೆ ತಡೆ ಕಾಯ್ದೆ ಕೇಂದ್ರದ್ದು. ಕೇಂದ್ರದ ಕಾನೂನಿನ ಮುಂದೆ ರಾಜ್ಯದ ಕಾನೂನು ನಿಲ್ಲುವುದಿಲ್ಲ ಎಂದು ಕೇಳಿದ್ದೇನೆ. ಹಾಗಿದ್ದರೆ ನಮ್ಮ ಕಂಬಳ ಉಳಿದದ್ದು ಯಾವ ಬಲದಿಂದ?
— ಓದುಗರು, ಮೂಡುಬಿದಿರೆ

ಉತ್ತರ: ನೀವು ಕೇಳಿರುವುದು ಸಾಮಾನ್ಯ ನಿಯಮ, ಕಂಬಳ ಉಳಿದದ್ದು ಅದರ ಅಪವಾದದ ಬಲದಿಂದ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವುದು ಸಮವರ್ತಿ ಪಟ್ಟಿಯ 17ನೆಯ ನಮೂದು. ಅದರಡಿ ಸಂಸತ್ತು 1960ರಲ್ಲಿ ಕಾಯ್ದೆ ಮಾಡಿತು. ಸಮವರ್ತಿ ವಿಷಯದಲ್ಲಿ ಸಂಸತ್ತಿನ ಕಾನೂನಿಗೂ ರಾಜ್ಯದ ಕಾನೂನಿಗೂ ಘರ್ಷಣೆಯಾದರೆ, 254ನೆಯ ವಿಧಿಯ ಮೊದಲ ಖಂಡದಂತೆ, ರಾಜ್ಯದ ಕಾನೂನು ಘರ್ಷಣೆಯ ಮಟ್ಟಿಗೆ ಬಿದ್ದುಹೋಗುತ್ತದೆ. ಎರಡನೆಯ ಖಂಡ ಮಾತ್ರ ಒಂದು ಬಾಗಿಲು ತೆರೆದಿಟ್ಟಿದೆ: ರಾಜ್ಯದ ಮಸೂದೆಯನ್ನು ರಾಷ್ಟ್ರಪತಿಯವರ ಪರಿಶೀಲನೆಗೆ ಕಾಯ್ದಿರಿಸಿ, ಅವರ ಅಂಕಿತ ದೊರೆತರೆ, ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾನೂನೇ ನಡೆಯುತ್ತದೆ.

2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. ಅದರ ಬಿಸಿ ಕಂಬಳಕ್ಕೂ ತಾಗಿ, 2016ರಲ್ಲಿ ಹೈಕೋರ್ಟಿನ ತಡೆಯಾಜ್ಞೆಯಿಂದ ಕೋಣಗಳು ಕರೆಗೆ, ಎಂದರೆ ಓಟದ ಕೆಸರುಗದ್ದೆಗೆ, ಇಳಿಯದಂತಾಯಿತು. 2017ರಲ್ಲಿ ರಾಜ್ಯವು ಮೊದಲು ಸುಗ್ರೀವಾಜ್ಞೆಯ ಮೂಲಕ, ಆಮೇಲೆ ಮಸೂದೆಯ ಮೂಲಕ, ಕೇಂದ್ರದ ಕಾಯ್ದೆಯನ್ನು ಕರ್ನಾಟಕದ ಮಟ್ಟಿಗೆ ತಿದ್ದಿ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ಅವಕಾಶ ಮಾಡಿಕೊಟ್ಟಿತು. ರಾಷ್ಟ್ರಪತಿಯವರ ಅಂಕಿತವೂ ದೊರೆಯಿತು. ಕೊನೆಗೆ 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ತಮಿಳುನಾಡು, ಮಹಾರಾಷ್ಟ್ರ ಮತ್ತು ಕರ್ನಾಟಕದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು.

ಇದನ್ನು ರಾಜ್ಯಾಧಿಕಾರದ ಗೆಲುವು ಎಂದು ಆಗ ಹಲವರು ಬಣ್ಣಿಸಿದರು. ನನಗೆ ಅಷ್ಟು ಖಚಿತವಿಲ್ಲ. ರಾಷ್ಟ್ರಪತಿಯವರು ಕೇಂದ್ರ ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವರು; ಆದ್ದರಿಂದ ಅಂಕಿತವೆಂದರೆ ಕೇಂದ್ರದ ಒಪ್ಪಿಗೆಯೇ. ಅದೂ ಅಲ್ಲದೆ, ಹಾಗೆ ಅಂಕಿತ ಪಡೆದ ರಾಜ್ಯದ ಕಾನೂನನ್ನು ಸಹ ಸಂಸತ್ತು ಮುಂದೆ ಹೊಸ ಕಾನೂನು ಮಾಡಿ ರದ್ದುಪಡಿಸಬಹುದೆಂದು ಅದೇ ಖಂಡದ ಪರಂತುಕ, ಎಂದರೆ ಕೊನೆಗೆ ಸೇರಿಸಿದ ಷರತ್ತು, ಹೇಳುತ್ತದೆ. ಸಮವರ್ತಿ ಪಟ್ಟಿಯನ್ನು ಸಮಪಾಲು ಎಂದು ಭಾವಿಸುವವರು ಈ ಪರಂತುಕವನ್ನು ಒಮ್ಮೆ ಓದಬೇಕು.

ಪ್ರಶ್ನೆ: ನಾನು ಶಾಲೆಯಲ್ಲಿ ಓದುವಾಗ ಶಿಕ್ಷಣ ರಾಜ್ಯ ಪಟ್ಟಿಯಲ್ಲಿತ್ತು. ಮೊಮ್ಮಗಳ ಪುಸ್ತಕದಲ್ಲಿ ಸಮವರ್ತಿ ಪಟ್ಟಿ ಎಂದಿದೆ. ಯಾವುದು ಸರಿ?
— ನಿವೃತ್ತ ಶಿಕ್ಷಕಿ, ಮಣಿಪಾಲ

ಉತ್ತರ: ಎರಡೂ ಸರಿ. ತುರ್ತುಪರಿಸ್ಥಿತಿಯ ಕಾಲದಲ್ಲಿ ಮಾಡಿದ 42ನೆಯ ತಿದ್ದುಪಡಿಯು ಶಿಕ್ಷಣ, ಅರಣ್ಯ, ವನ್ಯಪ್ರಾಣಿಗಳ ರಕ್ಷಣೆ, ತೂಕ ಮತ್ತು ಅಳತೆ ಮುಂತಾದವನ್ನು ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಸಾಗಿಸಿತು. 1977ರ ಜನವರಿ 3ರಿಂದ ಅದು ಜಾರಿಯಲ್ಲಿದೆ. ಉನ್ನತ ಶಿಕ್ಷಣದ ಮಟ್ಟಗಳನ್ನು ನಿಗದಿಪಡಿಸುವ ಅಧಿಕಾರವಂತೂ ಮೊದಲಿನಿಂದಲೂ ಕೇಂದ್ರ ಪಟ್ಟಿಯಲ್ಲಿಯೇ, 66ನೆಯ ನಮೂದಿನಲ್ಲಿ ಇತ್ತು. ಏಳನೆಯ ಅನುಸೂಚಿಯನ್ನು ಬದಲಿಸಬೇಕಾದರೆ ಸಂಸತ್ತಿನ ವಿಶೇಷ ಬಹುಮತ ಸಾಲದು, ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳ ಅನುಮೋದನೆಯೂ ಬೇಕು. ಆ ಕಾಲದಲ್ಲಿ ಆ ಅನುಮೋದನೆ ಎಷ್ಟು ಸಲೀಸಾಗಿ ಬಂದಿರಬಹುದೆಂದು ನಿಮ್ಮ ತಲೆಮಾರಿನವರಿಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: 2020ರ ಲಾಕ್‌ಡೌನಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿ, ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗಳಿಗೆ ಬಾರದಂತಾಗಿತ್ತು. ರಾಷ್ಟ್ರೀಯ ಹೆದ್ದಾರಿಯನ್ನು ಒಂದು ರಾಜ್ಯ ಮುಚ್ಚಬಹುದೇ?
— ಓದುಗರು, ಉಳ್ಳಾಲ

ಉತ್ತರ: ರಾಷ್ಟ್ರೀಯ ಹೆದ್ದಾರಿ ಕೇಂದ್ರ ಪಟ್ಟಿಯ 23ನೆಯ ನಮೂದು. ಆದರೆ ಹೆದ್ದಾರಿಯ ಮೇಲೆ ನಿಂತು ವಾಹನ ತಡೆಯುವ ಪೊಲೀಸರು ರಾಜ್ಯ ಪಟ್ಟಿಯ ಎರಡನೆಯ ನಮೂದು. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯ ಪಟ್ಟಿಯ ಆರನೆಯದು. ಸಾಂಕ್ರಾಮಿಕ ರೋಗವು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯ 29ನೆಯದಾದರೆ, ಅಂತರರಾಜ್ಯ ಕ್ವಾರಂಟೈನ್ ಕೇಂದ್ರ ಪಟ್ಟಿಯ 81ನೆಯದು. ತಲಪಾಡಿಯ ಒಂದೇ ತಡೆಬೇಲಿಯಲ್ಲಿ ಮೂರೂ ಪಟ್ಟಿಗಳು ಸಿಕ್ಕಿಕೊಂಡಿದ್ದವು. ಎರಡು ರಾಜ್ಯಗಳೂ ತಮ್ಮ ತಮ್ಮ ನಮೂದನ್ನು ತೋರಿಸಿ ವಾದಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಕೇರಳ ಹೈಕೋರ್ಟು 2020ರ ಏಪ್ರಿಲ್ 1ರಂದು, ಹೆದ್ದಾರಿಯ ತಡೆಗಳನ್ನು ತೆರವುಗೊಳಿಸಲು ಕೇಂದ್ರಕ್ಕೆ ನಿರ್ದೇಶನ ಕೊಟ್ಟಿತು. ಕರ್ನಾಟಕಕ್ಕೆ ನೇರವಾಗಿ ಆಜ್ಞಾಪಿಸದೆ ಹೆದ್ದಾರಿಯ ಹೊಣೆಗಾರನಾದ ಕೇಂದ್ರದ ಕಡೆಗೆ ಅದು ತಿರುಗಿದ್ದನ್ನು ಗಮನಿಸಬೇಕು. ಒಂದು ರಾಜ್ಯದ ಹೈಕೋರ್ಟಿನ ಮಾತು ನೆರೆರಾಜ್ಯದ ಪೊಲೀಸರ ಮೇಲೆ ಎಷ್ಟರ ಮಟ್ಟಿಗೆ ನಡೆದೀತು ಎಂಬುದು ತೊಡಕಿನ ಪ್ರಶ್ನೆ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ರೋಗಿಗಳ ಸಾಗಾಟಕ್ಕೆ ಅನುಸರಿಸಬೇಕಾದ ಕ್ರಮದ ಬಗ್ಗೆ ಎರಡೂ ರಾಜ್ಯಗಳು ಒಪ್ಪಿಕೊಂಡಿವೆಯೆಂದು ಏಪ್ರಿಲ್ 7ರಂದು ಕೇಂದ್ರವು ತಿಳಿಸಿದ ಮೇಲೆ ನ್ಯಾಯಾಲಯ ಪ್ರಕರಣವನ್ನು ಮುಗಿಸಿತು. ಹೀಗಾಗಿ ನಿಮ್ಮ ಪ್ರಶ್ನೆಗೆ ನ್ಯಾಯಾಲಯದಿಂದ ಸ್ಪಷ್ಟವಾದ ಹೌದು ಅಥವಾ ಅಲ್ಲ ಎಂಬ ಉತ್ತರ ಹೊರಬರಲಿಲ್ಲ. ನನ್ನ ಅಭಿಪ್ರಾಯದಲ್ಲಿ ರಾಜ್ಯವು ರೋಗ ತಡೆಯಲು ಸಂಚಾರವನ್ನು ನಿಯಂತ್ರಿಸಬಹುದು, ತಪಾಸಣೆ ಮಾಡಬಹುದು. ಆಂಬುಲೆನ್ಸಿಗೂ ದಾರಿ ಬಿಡದಂತೆ ಪೂರ್ತಿ ಮುಚ್ಚುವುದನ್ನು ಯಾವ ನಮೂದಿನಿಂದಲೂ ಸಮರ್ಥಿಸುವುದು ಕಷ್ಟ, ಏಕೆಂದರೆ ಪಟ್ಟಿಗಳಿಗಿಂತ ಮೊದಲು ನಾಗರಿಕನ ಜೀವದ ಹಕ್ಕು ಬರುತ್ತದೆ.

ಪ್ರಶ್ನೆ: ದೇಶಕ್ಕೆಲ್ಲ ಜಿಎಸ್‌ಟಿ ಒಂದೇ ಎನ್ನುತ್ತಾರೆ. ಮತ್ತೇಕೆ ಮಂಜೇಶ್ವರದ ಪಂಪಿನಲ್ಲಿ ಡೀಸೆಲಿಗೆ ಒಂದು ದರ, ತೊಕ್ಕೊಟ್ಟಿನ ಪಂಪಿನಲ್ಲಿ ಇನ್ನೊಂದು?
— ಲಾರಿ ಮಾಲೀಕರು, ಮಂಗಳೂರು

ಉತ್ತರ: ಡೀಸೆಲು ಇನ್ನೂ ಜಿಎಸ್‌ಟಿಯೊಳಗೆ ಬಂದಿಲ್ಲ. 2016ರ 101ನೆಯ ತಿದ್ದುಪಡಿಯು ರಾಜ್ಯಗಳ ಮಾರಾಟ ತೆರಿಗೆಯ ಅಧಿಕಾರವನ್ನು ಬಹುಪಾಲು ಕರಗಿಸಿದರೂ, ರಾಜ್ಯ ಪಟ್ಟಿಯ 54ನೆಯ ನಮೂದಿನಲ್ಲಿ ಪೆಟ್ರೋಲು, ಡೀಸೆಲು, ಕಚ್ಚಾತೈಲ, ನೈಸರ್ಗಿಕ ಅನಿಲ, ವಿಮಾನ ಇಂಧನ ಮತ್ತು ಮದ್ಯ ಇಷ್ಟನ್ನು ರಾಜ್ಯಗಳಿಗೆ ಉಳಿಸಿತು. ಕೇಂದ್ರದ ಅಬಕಾರಿ ಸುಂಕ ಎರಡೂ ಪಂಪಿನಲ್ಲಿ ಒಂದೇ; ಅದರ ಮೇಲೆ ಕೇರಳ ಹಾಕುವ ತೆರಿಗೆ ಬೇರೆ, ಕರ್ನಾಟಕ ಹಾಕುವುದು ಬೇರೆ. ಮೀನುಗಾರಿಕೆ ಬೋಟುಗಳ ಡೀಸೆಲಿಗೆ ಕರ್ನಾಟಕವು ತನ್ನ ತೆರಿಗೆಯಲ್ಲಿ ವಿನಾಯಿತಿ ಕೊಡಲು ಸಾಧ್ಯವಾಗಿರುವುದೂ ಈ ಉಳಿಕೆಯ ಅಧಿಕಾರದಿಂದಲೇ.

ಉಳಿದ ಸರಕುಗಳ ದರವನ್ನು ಶಿಫಾರಸು ಮಾಡುವುದು ಜಿಎಸ್‌ಟಿ ಮಂಡಳಿ. ಅಲ್ಲಿ ಕೇಂದ್ರದ ಮತಕ್ಕೆ ಮೂರನೆಯ ಒಂದು ಭಾಗದ ತೂಕ, ಎಲ್ಲ ರಾಜ್ಯಗಳಿಗೂ ಸೇರಿ ಮೂರನೆಯ ಎರಡು ಭಾಗ. ನಿರ್ಣಯಕ್ಕೆ ನಾಲ್ಕನೆಯ ಮೂರು ಭಾಗ ಬೇಕು. ಲೆಕ್ಕ ಹಾಕಿ ನೋಡಿದರೆ, ಕೇಂದ್ರ ಒಪ್ಪದೆ ಎಲ್ಲ ರಾಜ್ಯಗಳು ಕೂಡಿದರೂ ಯಾವ ನಿರ್ಣಯವೂ ಆಗುವುದಿಲ್ಲ. ಮಂಡಳಿಯ ಶಿಫಾರಸುಗಳು ಸಂಸತ್ತನ್ನಾಗಲಿ ಶಾಸನಸಭೆಗಳನ್ನಾಗಲಿ ಕಟ್ಟಿಹಾಕುವುದಿಲ್ಲವೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತಾದರೂ, ಒಂದು ರಾಜ್ಯ ಒಂಟಿಯಾಗಿ ಬೇರೆ ದರ ಹಾಕಿಕೊಂಡು ಬಾಳುವುದು ಪ್ರಾಯೋಗಿಕವಾಗಿ ಸುಲಭವಲ್ಲ.

ಒಕ್ಕೂಟದಲ್ಲಿ ಯಾರ ಕೈ ಮೇಲು ಎಂದು ತಿಳಿಯಬೇಕಾದವರು ಏಳನೆಯ ಅನುಸೂಚಿಗಿಂತ ಹಣಕಾಸು ಆಯೋಗದ ವರದಿಯನ್ನು ಓದಬೇಕು ಎಂಬುದು ನನ್ನ ಹಳೆಯ ಹಟ. 15ನೆಯ ಆಯೋಗವು 2021ರಿಂದ 2026ರ ಅವಧಿಗೆ ಹಂಚಿಕೆಯಾಗುವ ಕೇಂದ್ರ ತೆರಿಗೆಗಳಲ್ಲಿ ಶೇಕಡಾ 41ನ್ನು ರಾಜ್ಯಗಳಿಗೆ ಕೊಟ್ಟಿತು. ಅದರಲ್ಲಿ ಕರ್ನಾಟಕದ ಪಾಲು ಹಿಂದಿನ ಆಯೋಗದ ಕಾಲದ ಶೇಕಡಾ 4.713ರಿಂದ 3.647ಕ್ಕೆ ಇಳಿಯಿತು. ಕೇಂದ್ರವು ಸೆಸ್ ಮತ್ತು ಸರ್‌ಚಾರ್ಜ್ ಹೆಸರಿನಲ್ಲಿ ಎತ್ತುವ ಹಣವಂತೂ ಈ ಹಂಚಿಕೆಗೆ ಬರುವುದೇ ಇಲ್ಲ. ನೀವು ಡೀಸೆಲಿನ ಮೇಲೆ ಕೇಂದ್ರಕ್ಕೆ ಕಟ್ಟುವುದರಲ್ಲಿ ದೊಡ್ಡ ಭಾಗ ಆ ಬಗೆಯದು. ರಾಜ್ಯ ಪಟ್ಟಿಯಲ್ಲಿ ಆಸ್ಪತ್ರೆ, ಪೊಲೀಸು, ಕೃಷಿ ಎಂದು ಎಷ್ಟು ವಿಷಯ ಬರೆದಿದ್ದರೂ, ಅವನ್ನು ನಡೆಸುವ ಹಣಕ್ಕೆ ಇನ್ನೊಬ್ಬರ ಕಡೆ ನೋಡಬೇಕಾದಾಗ ಆ ಅಧಿಕಾರ ಅಷ್ಟರ ಮಟ್ಟಿಗೆ ಸೊರಗುತ್ತದೆ.

ಪ್ರಶ್ನೆ: ತುಳುವಿಗೆ ಮಾನ್ಯತೆ ಕೊಡಬೇಕಾದವರು ಯಾರು? ಒಬ್ಬರು ದೆಹಲಿ ಎನ್ನುತ್ತಾರೆ, ಒಬ್ಬರು ಬೆಂಗಳೂರು ಎನ್ನುತ್ತಾರೆ.
— ಓದುಗರು, ಕಾರ್ಕಳ

ಉತ್ತರ: ಬೇಡಿಕೆ ಎರಡಿವೆ, ದಾರಿಯೂ ಎರಡು. ಎಂಟನೆಯ ಅನುಸೂಚಿಗೆ ಸೇರಿಸುವುದು ಸಂವಿಧಾನ ತಿದ್ದುಪಡಿಯ ಕೆಲಸ, ಅದನ್ನು ಸಂಸತ್ತು ಮಾಡಬೇಕು. 1992ರಲ್ಲಿ 71ನೆಯ ತಿದ್ದುಪಡಿಯಿಂದ ಕೊಂಕಣಿ ಸೇರಿದ್ದು ಹಾಗೆಯೇ. ರಾಜ್ಯದ ಆಡಳಿತಭಾಷೆಗಳಲ್ಲಿ ಒಂದಾಗಿಸುವುದು ಬೇರೆ ಮಾತು. ರಾಜ್ಯದಲ್ಲಿ ಬಳಕೆಯಲ್ಲಿರುವ ಒಂದು ಅಥವಾ ಹೆಚ್ಚು ಭಾಷೆಗಳನ್ನು ಕಾನೂನಿನ ಮೂಲಕ ಅಂಗೀಕರಿಸುವ ಅಧಿಕಾರವನ್ನು 345ನೆಯ ವಿಧಿ ರಾಜ್ಯದ ಶಾಸನಸಭೆಗೆ ಕೊಟ್ಟಿದೆ, ಅದಕ್ಕೆ ಆ ಭಾಷೆ ಎಂಟನೆಯ ಅನುಸೂಚಿಯಲ್ಲಿ ಇರಬೇಕೆಂಬ ಷರತ್ತಿಲ್ಲ. ಆದ್ದರಿಂದ ದೆಹಲಿ ಒಪ್ಪಲಿ, ಆಮೇಲೆ ನೋಡೋಣ ಎಂಬ ಉತ್ತರ ಬೆಂಗಳೂರಿನಿಂದ ಬಂದರೆ ಅದು ರಾಜಕೀಯದ ಉತ್ತರ, ಸಂವಿಧಾನದ್ದಲ್ಲ.

ಪ್ರಶ್ನೆ: ಉಡುಪಿಯನ್ನು ಜಿಲ್ಲೆ ಮಾಡಿದ ಹಾಗೆ ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಲು ನಮ್ಮ ವಿಧಾನಸಭೆಗೆ ಏಕೆ ಆಗುವುದಿಲ್ಲ?
— ವಿದ್ಯಾರ್ಥಿ, ಕುಂದಾಪುರ

ಉತ್ತರ: ಜಿಲ್ಲೆಯ ಗಡಿ ರಾಜ್ಯದ ಕೈಯಲ್ಲಿದೆ; 1997ರಲ್ಲಿ ದಕ್ಷಿಣ ಕನ್ನಡವನ್ನು ಒಡೆದು ಉಡುಪಿ ಜಿಲ್ಲೆ ಮಾಡಿದ್ದು ರಾಜ್ಯ ಸರ್ಕಾರವೇ. ರಾಜ್ಯದ ಗಡಿ ಮೂರನೆಯ ವಿಧಿಯಂತೆ ಸಂಸತ್ತಿನ ಕೈಯಲ್ಲಿದೆ. ಅದಕ್ಕೆ ಸಂಸತ್ತಿನಲ್ಲಿ ಸಾಮಾನ್ಯ ಬಹುಮತ ಸಾಕು. ಸಂಬಂಧಪಟ್ಟ ರಾಜ್ಯಗಳ ಶಾಸನಸಭೆಗಳ ಅಭಿಪ್ರಾಯ ಕೇಳಬೇಕು, ಆದರೆ ಕೇಳಿದ ಮೇಲೆ ಒಪ್ಪಲೇಬೇಕೆಂದಿಲ್ಲ. 1956ರ ನವೆಂಬರ್ 1ರಂದು ಜಾರಿಗೆ ಬಂದ ರಾಜ್ಯಗಳ ಪುನರ್ವಿಂಗಡಣೆ ಕಾಯ್ದೆಯು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯನ್ನು ಮೈಸೂರಿಗೆ ಕೊಟ್ಟು, ಅದರೊಳಗಿನ ಕಾಸರಗೋಡು ತಾಲ್ಲೂಕನ್ನು ಕೇರಳಕ್ಕೂ ಅಮೀನ್‌ದಿವಿ ದ್ವೀಪಗಳನ್ನು ಕೇಂದ್ರಾಡಳಿತಕ್ಕೂ ಹಾಕಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದರೂ, ಆಯೋಗದ ಮಾತು ಸಂಸತ್ತಿನ ಕಾನೂನಾಗದೆ ಗಡಿ ಕದಲುವುದಿಲ್ಲ.

ಪ್ರಶ್ನೆ: ನಮ್ಮ ವಾರ್ಡಿನ ಚರಂಡಿಯ ಬಗ್ಗೆ ಸಂಸದರಿಗೆ ಎರಡು ಸಲ ಬರೆದೆ, ಉತ್ತರವಿಲ್ಲ. ಸ್ಥಳೀಯ ಸಂಸ್ಥೆಗಳೂ ಈಗ ಮೂರನೆಯ ಸರ್ಕಾರವಲ್ಲವೇ?
— ಓದುಗರು, ಉಡುಪಿ

ಉತ್ತರ: ಸಂಸದರನ್ನು ಈ ಒಂದು ವಿಷಯದಲ್ಲಿ ಬಿಟ್ಟುಬಿಡಿ. ಚರಂಡಿ ನಗರಸಭೆಯದು, ನಗರಸಭೆ ರಾಜ್ಯ ಪಟ್ಟಿಯ ಐದನೆಯ ನಮೂದಿನಡಿ ಶಾಸನಸಭೆ ಮಾಡಿದ ಕಾನೂನಿನ ಕೂಸು. 1992ರ 73 ಮತ್ತು 74ನೆಯ ತಿದ್ದುಪಡಿಗಳು ಪಂಚಾಯಿತಿ ಮತ್ತು ಪುರಸಭೆಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟು, ಹನ್ನೊಂದನೆಯ ಅನುಸೂಚಿಯಲ್ಲಿ 29, ಹನ್ನೆರಡನೆಯದರಲ್ಲಿ 18 ವಿಷಯಗಳನ್ನು ಬರೆದವು. ಆದರೆ ಈ ಅನುಸೂಚಿಗಳಿಗೆ ಏಳನೆಯದಕ್ಕಿರುವ ಬಲವಿಲ್ಲ. ಆ ವಿಷಯಗಳ ಅಧಿಕಾರವನ್ನು ರಾಜ್ಯದ ಶಾಸನಸಭೆಯು ಕಾನೂನಿನ ಮೂಲಕ ಕೊಡಬಹುದು ಎಂದಷ್ಟೇ ಸಂವಿಧಾನ ಹೇಳಿದೆ. ಎಷ್ಟು ಕೊಡಬೇಕೆಂಬುದು ಶಾಸನಸಭೆಯ ಮರ್ಜಿ.

ದೆಹಲಿ ತಮ್ಮ ಅಧಿಕಾರವನ್ನು ನುಂಗುತ್ತಿದೆ ಎಂದು ದೂರುವ ರಾಜ್ಯಗಳು ತಮ್ಮ ಕೆಳಗಿನವರ ವಿಷಯದಲ್ಲಿ ಅದೇ ಉದಾರತೆ ತೋರಿಸಿದ್ದು ಕಡಿಮೆ. 1980ರ ದಶಕದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ಸಚಿವರಾಗಿದ್ದಾಗ ಜಿಲ್ಲಾ ಪರಿಷತ್ತುಗಳನ್ನು ಕಟ್ಟಿ ದೇಶಕ್ಕೆ ದಾರಿ ತೋರಿಸಿದ ಕರ್ನಾಟಕದಲ್ಲೇ, 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯಲೇಬೇಕೆಂಬ 243ಇ ವಿಧಿಯ ಹೊರತಾಗಿಯೂ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ನಿಮ್ಮ ಅರ್ಜಿಯನ್ನು ನಗರಸಭೆಯ ಪೌರಾಯುಕ್ತರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಒಂದು ಪ್ರತಿಯನ್ನು ವಾರ್ಡಿನ ಸದಸ್ಯರಿಗೂ ಕೊಡಿ. ಕೆಲಸಕ್ಕೆ ಅನುದಾನವಿಲ್ಲ ಎಂಬ ಉತ್ತರ ಬಂದರೆ ಆಗ ಬರೆಯಬೇಕಾದದ್ದು ನಿಮ್ಮ ಶಾಸಕರಿಗೆ.